ಆರು ಕ್ಯೂಬು, ಇಪ್ಪತ್ತೆಂಟನೆಯ ದಿನ

ಸಂಕ್ರಾಂತಿ ಮುಗಿದು ನಾಲ್ಕನೆಯ ದಿನ. ಬೆಳಗಿನ ಎಂಟು ಗಂಟೆ. ಕಬ್ಬು ನುರಿಸುವ ಹಂಗಾಮು. ಸದಲಗಾದ ಹೊಲಗಳ ಮೇಲೆ ಮಂಜು ಇನ್ನೂ ಕರಗಿರಲಿಲ್ಲ.

ನನ್ನ ತಲೆ ನೀರಿನೊಳಗಿತ್ತು.

ಒಬ್ಬ ಕುತ್ತಿಗೆ ಹಿಡಿದು ನೀರಿನ ಟಾಕಿಯೊಳಗೆ ಒತ್ತುತ್ತಿದ್ದ. ಇನ್ನೊಬ್ಬ ಬೆನ್ನ ಮೇಲೆ ಮೊಣಕಾಲು ಊರಿದ್ದ. ಸಿಮೆಂಟಿನ ಟಾಕಿಯ ಅಂಚು ಎದೆಗೆ ಕೊರೆಯುತ್ತಿತ್ತು.

ಕಣ್ಣು ತೆರೆದೆ. ತಳದಲ್ಲಿ ಆರು ಕಾಂಕ್ರೀಟ್ ಕ್ಯೂಬುಗಳು ಸಾಲಾಗಿ ಕೂತಿದ್ದವು. ಗೇಣಿಗಿಂತ ಕಡಿಮೆ ಉದ್ದ, ಅಷ್ಟೇ ಅಗಲ, ಅಷ್ಟೇ ಎತ್ತರ. ಒಂದೊಂದೂ ಎಂಟು ಕಿಲೋ ತೂಕ.

ಆ ಆರು ಕಲ್ಲುಗಳ ಮೇಲೆ ಒಬ್ಬ ಹುಡುಗನ ಇಡೀ ಆಯುಷ್ಯ ನಿಂತಿತ್ತು. ಕಾಯಲು ನನ್ನನ್ನು ಇಟ್ಟಿದ್ದರು. ಕಾದದ್ದು ಇಪ್ಪತ್ತೇಳು ದಿನ. ಇಪ್ಪತ್ತೆಂಟನೆಯ ದಿನ ಹೀಗಾಯಿತು.

ಒದ್ದಾಡುವುದನ್ನು ನಿಲ್ಲಿಸಿದೆ.

ಕೇಳಿ, ಅವರಿಗೆ ಗೊತ್ತಿಲ್ಲದ ಸಂಗತಿ ಒಂದಿತ್ತು. ಮೂವತ್ತು ವರ್ಷ ಕೃಷ್ಣೆಯಲ್ಲಿ ಮುಳುಗಿ ಬುಟ್ಟಿಯಿಂದ ಮರಳು ತೆಗೆದವನು ನಾನು. ನಮ್ಮ ಕಡೆ ಉಸುಕು ಅನ್ನುತ್ತಾರೆ. ಕುಡಚಿಯ ತಿರುವಿನಲ್ಲಿ ಎರಡಾಳು ನೀರು. ಕೆಳಗೆ ಹೋಗಿ, ಬುಟ್ಟಿ ತುಂಬಿ, ಮೇಲೆ ಬರುವವರೆಗೆ ಉಸಿರು ಬಿಡುವಂತಿಲ್ಲ. ನನ್ನ ಕುತ್ತಿಗೆ ಹಿಡಿದ ಮಲ್ಲೇಶ ಪಂಪಿನ ಬೋಟು ಬಂದ ಮೇಲೆ ಈ ಧಂದೆಗೆ ಬಂದವನು. ಅವನು ಹೊಳೆಗೆ ಇಳಿದೇ ಇಲ್ಲ. ದಂಡೆಯ ಮೇಲೆ ನಿಂತು ಗುಂಡಿ ಒತ್ತಿದವನು.

ಸ್ವಲ್ಪ ಸ್ವಲ್ಪವೇ ಗುಳ್ಳೆ ಬಿಟ್ಟೆ. ಒಂದು ಕಾಲು ಝಾಡಿಸಿದೆ. ಆಮೇಲೆ ಹಸಿ ಬಟ್ಟೆಯ ಹಾಗೆ ಜೋತುಬಿದ್ದೆ.

ಎಳೆದು ನೆಲಕ್ಕೆ ಎಸೆದರು.

"ಸತ್ತಾನೇನ್ ನೋಡ" ಎಂದ ಮಲ್ಲೇಶ.

ಮಂಕಿ ಕ್ಯಾಪ್ ಹಾಕಿದ್ದ ಇನ್ನೊಬ್ಬ ಪಕ್ಕೆಗೆ ಒದ್ದ. ಎಲುಬು ಲಟಕ್ ಎಂದಿತು. ನಾನು ಎನ್ನಲಿಲ್ಲ.

ರೆಪ್ಪೆಯ ಸಂದಿಯಿಂದ ನೋಡಿದೆ. ಟಾಕಿಯ ಆರು ಕ್ಯೂಬುಗಳನ್ನು ಎತ್ತಿ ಬೊಲೆರೊಗೆ ಹಾಕಿದರು. ಬೊಲೆರೊದಿಂದ ಬೇರೆ ಆರನ್ನು ತಂದು ಟಾಕಿಗೆ ಇಳಿಸಿದರು. ಅದೇ ಅಳತೆ. ಮೊಳೆಯಿಂದ ಗೀರಿದ ಅದೇ ನಂಬರುಗಳು... ಒಂದರಿಂದ ಆರು.

ತೆಗೆದದ್ದನ್ನು ಎಲ್ಲಿ ಹಾಕೋಣ ಎಂದು ಮಂಕಿ ಕ್ಯಾಪಿನವನು ಕೇಳಿದ. ಕುಡಚಿಗೆ, ಸಾಹುಕಾರರ ದಂಡೆಗೆ, ಮತ್ತೆಲ್ಲಿಗೆ ಎಂದು ಮಲ್ಲೇಶ ಬೈದ. ಆಮೇಲೆ ನನ್ನ ಕಡೆ ತಿರುಗಿದ.

"ಇವನ್ನ ವಾಪಸ್ ಟಾಕ್ಯಾಗ ಹಾಕು. ಮುದುಕ ಕಾಲ್ಜಾರಿ ಬಿದ್ದ. ಅಷ್ಟ ಐತಿ ಕತಿ."

ಕಾಲು ಹಿಡಿದು ತಲೆ ಕೆಳಗಾಗಿ ಬಿಟ್ಟರು. ಮತ್ತೆ ನೀರು. ಈ ಸಲ ಉಸಿರು ತುಂಬಿಕೊಳ್ಳಲು ಪುರಸೊತ್ತು ಸಿಕ್ಕಿರಲಿಲ್ಲ. ಬೊಲೆರೊ ಸ್ಟಾರ್ಟ್ ಆಯಿತು... ನಿಂತಿತು... ಮತ್ತೆ ಸ್ಟಾರ್ಟ್ ಆಯಿತು. ಕಿವಿಯೊಳಗೆ ಡೊಳ್ಳು ಬಾರಿಸಿದಂತಾಯಿತು. ಕಣ್ಣ ಮುಂದೆ ಕೆಂಪು ಚುಕ್ಕಿ, ಆಮೇಲೆ ಕಪ್ಪು ಚುಕ್ಕಿ.

ಗೇಟಿನ ಸಪ್ಪಳ ಕೇಳಿತು.

ಎದ್ದೆ. ವಾಂತಿ ಮಾಡಿಕೊಂಡೆ. ಜೇಬಿನ ಫೋನು ತೆಗೆದೆ. ಅದು ನಿಜವಾಗಿಯೂ ಸತ್ತಿತ್ತು.

ಈಗ ನಿಮಗೆ ಹಿಂದಿನದನ್ನು ಹೇಳಬೇಕು. ಹೆಚ್ಚು ಹೊತ್ತು ತಗೊಳ್ಳುವುದಿಲ್ಲ.

ಮಲ್ಲೇಶ ಹೇಳಿದ ಸಾಹುಕಾರ ಅಂದರೆ ರಾವಸಾಹೇಬ, ಉಸುಕಿನ ಗುತ್ತಿಗೆದಾರ. ಕುಡಚಿಯ ದಂಡೆ ಅವನದು. ಮೂವತ್ತು ವರ್ಷ ನಾನು ಅವನ ಆಳು. ಮೊದಲು ಉಸುಕು ತೆಗೆದೆ. ಆಮೇಲೆ ಉಸುಕಿಗೆ ಅಡ್ಡ ಬಂದವರ ಕೈಕಾಲೂ ತೆಗೆದೆ. ಅವನಿಗೆ ಬೇಡವಾದದ್ದನ್ನೆಲ್ಲ ಕೃಷ್ಣೆಗೆ ಹಾಕುವುದು ರೂಢಿ. ನಾನೇ ಎರಡು ಸಲ ಹಾಕಿದ್ದೇನೆ. ಏನು ಎಂದು ಕೇಳಬೇಡಿ.

ಎರಡು ಸಾವಿರದ ಹತ್ತೊಂಬತ್ತರ ಮಹಾಪೂರ ಬಂತು. ಕೃಷ್ಣೆ, ದೂಧಗಂಗೆ ಎರಡೂ ಊರೊಳಗೆ ಬಂದವು. ರಾಯಬಾಗ, ಅಥಣಿ, ಕಾಗವಾಡ ಎಲ್ಲ ಕಡೆ ಮನೆಗಳು ಮಲಗಿದವು. ವರ್ಷಗಟ್ಟಲೆ ಆ ಅವಶೇಷ ರಸ್ತೆ ಬದಿಗೆ ಗುಡ್ಡೆಯಾಗಿ ಬಿದ್ದಿತ್ತು. ಸದಲಗಾದ ಜೈನರ ಮನೆಯ ಅಕ್ಕ-ತಮ್ಮ, ಬ್ರಾಹ್ಮಿ ಮತ್ತು ಸನ್ಮತಿ, ಅದನ್ನು ಎತ್ತಿ ತಂದರು. ಕ್ರಷರ್ ಹಾಕಿದರು. ಒಡೆದ ಸ್ಲ್ಯಾಬು, ಇಟ್ಟಿಗೆ, ಹೆಂಚು... ಎಲ್ಲ ಪುಡಿ ಮಾಡಿ, ಜರಡಿ ಹಿಡಿದು, ತೊಳೆದು, ಉಸುಕು ಮಾಡಿದರು. ಹೊಳೆ ಅಗೆಯದೆ ಕಾಂಕ್ರೀಟ್ ಹಾಕಬಹುದು ಎಂದರು.

ರಾವಸಾಹೇಬನಿಗೆ ಹೊಟ್ಟೆ ಉರಿಯಿತು. ಅವನು ಕತ್ತಿ ಎತ್ತಲಿಲ್ಲ, ಮಾತು ಹಬ್ಬಿಸಿದ. ನಮ್ಮ ಕಡೆ ಬಿದ್ದ ಮನೆಯ ಕಲ್ಲನ್ನು ಹೊಸ ಮನೆಗೆ ಹಾಕುವುದಿಲ್ಲ. ಅಪಶಕುನ. ಬಿದ್ದ ಮನೆಯ ಮಣ್ಣು ಮುಟ್ಟಿದರೆ ಸ್ನಾನ ಮಾಡುವ ಮಂದಿ ಇನ್ನೂ ಇದ್ದಾರೆ. ರಾವಸಾಹೇಬನೂ ಅಂಥವನೇ. ತನ್ನ ಆಳುಗಳಿಗೆ ಆ ಅವಶೇಷ ಮುಟ್ಟಲು ಬಿಡುತ್ತಿರಲಿಲ್ಲ.

ಅವನು ರಾಯಬಾಗ ರಸ್ತೆಗೆ ಮದುವೆಗಳಿಗೆಂದು ಒಂದು ಮಂಗಲ ಕಾರ್ಯಾಲಯ ಕಟ್ಟಿಸುತ್ತಿದ್ದ. ದೀಪಾವಳಿಗೆ ಎಂಟು ದಿನ ಇರುವಾಗ ಅದರ ಸ್ಲ್ಯಾಬು ಬಿತ್ತು. ಅಡಿಯಲ್ಲಿ ಇಬ್ಬರು ಹೆಣ್ಣಾಳು.

ಒಬ್ಬಳು ನನ್ನ ಮಗಳು ಹೊಳೆವ್ವ.

ರಾವಸಾಹೇಬ ಅತ್ತ. ಎಲ್ಲರ ಮುಂದೆ ಅತ್ತ. ಸರಕಾರದವರು ಹೇಳಿದರೆಂದು ಸನ್ಮತಿಯ ಉಸುಕು ತಂದು ಹಾಕಿದೆ, ಅದೇ ಕೆಡವಿತು ಎಂದ. ಲಾರಿಯ ಸುಳ್ಳು ಚೀಟಿಗಳನ್ನೂ ತೋರಿಸಿದ. ಊರು ನಂಬಿತು. ನಾನೂ ನಂಬಿದೆ. ಸಂಜೆ ಕಬ್ಬು ಕಡಿಯುವ ಕೊಯ್ತಾ ಹಿಡಿದು ಸದಲಗಾಕ್ಕೆ ಹೋದೆ.

ಸನ್ಮತಿಗೆ ಇಪ್ಪತ್ತಾರು ವರ್ಷ. ಓಡಲಿಲ್ಲ. ಕ್ರಷರಿನ ಮುಂದೆ ಬರಿಗೈಯಲ್ಲಿ ನಿಂತಿದ್ದ.

"ಹೊಡೀರಿ ಕಾಕಾ, ನಾ ಓಡಂಗಿಲ್ಲ. ಆದ್ರ ಮೊದ್ಲ ಒಂದ್ ಮುಟಗಿ ಹಿಡದ್ ನೋಡ್ರಿ. ಉಸುಕು ನಿಮಗ ತಿಳಿದಷ್ಟು ಯಾರಿಗೂ ತಿಳಿಯಂಗಿಲ್ಲ."

ಹಿಡಿದೆ. ಅಂಗೈಗೆ ಚುಚ್ಚಿತು. ಒಡೆದು ಮಾಡಿದ ಉಸುಕಿಗೆ ಮೂಲೆ ಇರುತ್ತದೆ, ಕಚ್ಚುತ್ತದೆ. ಹೊಳೆಯ ಉಸುಕು ದುಂಡಗೆ, ಬೆರಳ ಸಂದಿಯಿಂದ ಜಾರುತ್ತದೆ. ಅವನ ಉಸುಕಿನಲ್ಲಿ ಇಟ್ಟಿಗೆಯ ಕೆಂಪು ಚೂರು, ಗೋಡೆಯ ಹಸಿರು ಬಣ್ಣದ ಚೂರು ಇದ್ದವು.

ವಾಪಸು ಹೋಗಿ ಬಿದ್ದ ಸ್ಲ್ಯಾಬು ಮುಟ್ಟಿದೆ. ಮಗಳ ರಕ್ತ ಇನ್ನೂ ಇತ್ತು. ಚೂರನ್ನು ಬೆರಳಿಂದ ತಿಕ್ಕಿದರೆ ಪುಡಿಯಾಗುತ್ತಿತ್ತು. ದುಂಡನೆಯ ಕಾಳು, ರಾಡಿ, ನಡುವೆ ಜೋಳದ ಕಾಳಿನಷ್ಟು ಬಿಳಿ ಚಿಪ್ಪುಗಳು. ಹೊಳೆಯ ಹುಳದ ಚಿಪ್ಪು. ಕುಡಚಿಯ ತಿರುವಿನ ಉಸುಕಿನಲ್ಲಿ ಮುಟಿಗೆಗೆ ನಾಲ್ಕಾದರೂ ಇರುತ್ತವೆ.

ಮೂವತ್ತು ವರ್ಷ ನಾನು ತೆಗೆದ ಉಸುಕು ಅದು.

ಪೊಲೀಸರಿಗೆ ಹೇಳಿದೆ. ಎಷ್ಟನೆಯ ಇಯತ್ತೆ ಓದಿದ್ದೀ ಎಂದು ಕೇಳಿದರು. ಎರಡು ಎಂದೆ. ನಕ್ಕರು. ಚಿಪ್ಪಿನ ಮಾತು ಅಲ್ಲೇ ಬಿತ್ತು. ಸನ್ಮತಿಯನ್ನು ಹಿಡಿದು ಒಯ್ದರು.

ಕೊನೆಗೆ ಬ್ರಾಹ್ಮಿ ಕೋರ್ಟಿಗೆ ಹೋಗಿ ಹಟ ಹಿಡಿದಳು. ಕೋರ್ಟು ಒಪ್ಪಿತು. ಪಂಚರ ಮುಂದೆ ಸನ್ಮತಿಯ ಉಸುಕಿನಿಂದ ಆರು ಕ್ಯೂಬು ಹಾಕಬೇಕು. ಇಪ್ಪತ್ತೆಂಟು ದಿನ ನೀರಿನಲ್ಲಿ ಇಡಬೇಕು. ಆಮೇಲೆ ಚಿಕ್ಕೋಡಿಯ ಲ್ಯಾಬಿನ ಮಷಿನ್ನಿನಲ್ಲಿ ಒಡೆದು ನೋಡಬೇಕು. ಭಾರ ತಡೆದರೆ ಹುಡುಗ ಹೊರಗೆ. ಪುಡಿಯಾದರೆ ಎರಡು ಸಾವು ಅವನ ತಲೆಗೆ.

ಅದಕ್ಕೇ ನಾನು ಆ ಟಾಕಿಯ ಪಕ್ಕ ಮಲಗುತ್ತಿದ್ದದ್ದು.

ಸನ್ಮತಿಯ ಹಳೆಯ ಮೋಟಾರ್ ಸೈಕಲ್ ಷೆಡ್ಡಿನಲ್ಲಿತ್ತು. ನಾಲ್ಕು ಕಿಕ್ಕಿಗೆ ಸ್ಟಾರ್ಟ್ ಆಯಿತು. ಕಿಕ್ಕು ಹೊಡೆದಾಗಲೆಲ್ಲ ಮುರಿದ ಪಕ್ಕೆಲುಬು ಒಳಗೆ ಚುಚ್ಚಿತು. ಹತ್ತು ಗಂಟೆಗೆ ಬ್ರಾಹ್ಮಿ ಮತ್ತು ಲ್ಯಾಬಿನ ಇಂಜಿನಿಯರ್ ಅಮಿತ ಕ್ಯೂಬು ಒಯ್ಯಲು ಬರುವವರಿದ್ದರು. ಅವರಿಗಾಗಿ ಕಾಯಲಿಲ್ಲ. ಕಾದಿದ್ದರೆ ನನ್ನ ಬಾಯಲ್ಲಿ ಮತ್ತೊಂದು ಮಾತು ಇರುತ್ತಿತ್ತು, ಅಷ್ಟೆ. ಮಾತಿಗೆ ಏನು ಬೆಲೆ ಎಂದು ಪೊಲೀಸರು ಆಗಲೇ ತೋರಿಸಿದ್ದರು. ನನಗೆ ಬೇಕಾದದ್ದು ಕ್ಯೂಬು.

ಬೊಲೆರೊ ಮುಂದೆ ಹೋಗಿತ್ತು. ಆದರೆ ಹಂಗಾಮಿನಲ್ಲಿ ನಮ್ಮ ರಸ್ತೆ ಯಾರಪ್ಪನದೂ ಅಲ್ಲ. ಫ್ಯಾಕ್ಟರಿಗೆ ಹೋಗುವ ಕಬ್ಬಿನ ಟ್ರ್ಯಾಕ್ಟರ್‌ಗಳು, ಒಂದೊಂದಕ್ಕೂ ಎರಡು ಟ್ರಾಲಿ. ಸದಲಗಾ ದಾಟಿ ಐದು ಕಿಲೋಮೀಟರಿಗೆ ಒಂದು ಟ್ರಾಲಿ ಅಡ್ಡ ಬಿದ್ದಿತ್ತು. ಹಿಂದೆ ನಲವತ್ತು ಟ್ರ್ಯಾಕ್ಟರ್ ಸಾಲು. ನಡುವೆ ಬಿಳಿ ಬೊಲೆರೊ. ಮಲ್ಲೇಶ ಹಾರ್ನ್ ಹೊಡೆಯುತ್ತಿದ್ದ. ಡ್ರೈವರ್‌ಗಳು ಬೀಡಿ ಸೇದುತ್ತಿದ್ದರು.

ಮೋಟಾರ್ ಸೈಕಲ್ ಬದಿಗೆ ನಿಲ್ಲಿಸಿದೆ. ಟ್ರಾಲಿಯಿಂದ ಒಂದು ಕಬ್ಬು ಎಳೆದೆ. ಗಟ್ಟಿ ಗಣಿಕೆ. ನಡೆದುಕೊಂಡು ಹೋದೆ. ಓಡಿದರೆ ಜನ ನೋಡುತ್ತಾರೆ. ಕಬ್ಬು ಹಿಡಿದು ನಡೆಯುವ ಮುದುಕನನ್ನು ಜನವರಿ ತಿಂಗಳಲ್ಲಿ ಯಾರು ನೋಡುತ್ತಾರೆ?

ಮಂಕಿ ಕ್ಯಾಪಿನವನು ಕಿಟಕಿಗೆ ಮೊಣಕೈ ಇಟ್ಟು ಕೂತಿದ್ದ. ನನ್ನ ಮುಖ ಕಂಡ. ಹೆಣ ನಡೆದು ಬಂದರೆ ಹೇಗೆ ಬಾಯಿ ತೆರೆಯುತ್ತಾರೋ ಹಾಗೆ ತೆರೆದ.

ತೆರೆದ ಬಾಯಿಗೇ ಕಬ್ಬಿನ ಬುಡ ತುರುಕಿದೆ.

ಹಲ್ಲು ಉದುರಿದ ಸಪ್ಪಳ ನನಗೂ ಕೇಳಿತು. ಬಾಗಿಲು ತೆಗೆದು ಎಳೆದೆ. ಡಾಂಬರಿನ ಮೇಲೆ ಬಿದ್ದ. ಮೊಣಕಾಲ ಚಿಪ್ಪಿನ ಮೇಲೆ ಒಂದು ಸಲ ನಿಂತೆ. ಆಮೇಲೆ ಅವನು ಏಳಲಿಲ್ಲ.

ಮಲ್ಲೇಶ ಆ ಕಡೆಯಿಂದ ಇಳಿದು ಬಂದ. ಕೈಯಲ್ಲಿ ಕೊಯ್ತಾ.

"ನೀ ಸಾಯಾಂಗಿಲ್ಲೇನ್ ಬೇ, ಮುದುಕಾ?"

"ನಿನಗ ಸಾಯಸಾಕ ಬರಾಂಗಿಲ್ಲ" ಎಂದೆ.

ಬೀಸಿದ. ಎಡಗೈ ಅಡ್ಡ ಹಿಡಿದೆ. ಕಿರುಬೆರಳು, ಅದರ ಪಕ್ಕದ್ದು... ಎರಡೂ ಹೋದವು. ಬಿದ್ದದ್ದು ಕಂಡಿತು. ನೋವು ಇನ್ನೂ ಬಂದಿರಲಿಲ್ಲ. ಅದು ಬರುವುದಕ್ಕೆ ಮುಂಚೆ ಕೆಲಸ ಮುಗಿಸಬೇಕು ಎಂದುಕೊಂಡೆ.

ಹಿಂದಕ್ಕೆ ಸರಿದು ಬೊಲೆರೊದ ಹಿಂಬಾಗಿಲು ತೆಗೆದೆ. ಆರು ಕ್ಯೂಬು. ನಂಬರ್ ನಾಲ್ಕು ಮೇಲಿತ್ತು. ಎರಡೂ ತೋಳಿನಲ್ಲಿ ಎತ್ತಿ ಎದೆಗೆ ಒತ್ತಿಕೊಂಡೆ. ಮಲ್ಲೇಶ ಎರಡನೆಯ ಏಟು ಎದೆಗೇ ಇಟ್ಟ.

ಠಣ್ ಎಂದಿತು. ಕ್ಯೂಬಿಗೆ ಒಂದು ಗೀರು ಬಿತ್ತು. ಕೊಯ್ತಾದ ಬಾಯಿ ಮುಕ್ಕಾಯಿತು.

ಮಲ್ಲೇಶ ಕೊಯ್ತಾ ನೋಡಿಕೊಂಡ. ನೋಡಬಾರದಿತ್ತು. ಎದೆಯಿಂದ ಎತ್ತಿದೆ, ಕೆಳಗೆ ತಂದೆ. ಎಂಟು ಕಿಲೋ.

ತಲೆ ಒಡೆಯಿತು. ಕ್ಯೂಬು ಒಡೆಯಲಿಲ್ಲ.

ಮಲ್ಲೇಶ ಕಬ್ಬಿನ ಒಣ ಗರಿ, ರವದಿಯ ಮೇಲೆ ಮಲಗಿದ. ಎರಡು ಸಲ ಕಾಲು ಆಡಿಸಿದ. ಈ ಸಲ ಯಾರೂ ನಟಿಸುತ್ತಿರಲಿಲ್ಲ.

ಟ್ರ್ಯಾಕ್ಟರಿನವರು ಇಳಿದು ಬಂದು ಸುತ್ತ ನಿಂತರು. ಯಾರೂ ಹತ್ತಿರ ಬರಲಿಲ್ಲ. ನಾನು ರುಮಾಲು ಬಿಚ್ಚಿ ಕೈಗೆ ಸುತ್ತಿಕೊಂಡೆ. ನಂಬರ್ ನಾಲ್ಕನ್ನು ಒಳಗಿಟ್ಟೆ. ವಯಸ್ಸಾದ ಒಬ್ಬ ಡ್ರೈವರ್ ಮೆಲ್ಲಗೆ ಕೇಳಿದ.

"ಎಲ್ಲಿಗೆ ಹೋಗಬೇಕ್ರಿ?"

"ಚಿಕ್ಕೋಡಿಗಿ. ನನ್ನ ಮಗಳ ಕೆಲಸ ಐತಿ."

ಅವನು ಕೂಗಿ ಹೇಳಿ ಟ್ರಾಲಿಗಳನ್ನು ಹೊಲಕ್ಕೆ ಇಳಿಸಿದ. ದಾರಿಯಾಯಿತು.

ಒಂದು ಕೈಯಿಂದ ಸ್ಟೀರಿಂಗು, ಅದೇ ಕೈಯಿಂದ ಗೇರು. ಕಣ್ಣು ಕತ್ತಲಾದಾಗಲೆಲ್ಲ ಬದಿಗೆ ನಿಲ್ಲಿಸಿ ಕೂತು, ಚಿಕ್ಕೋಡಿ ಮುಟ್ಟಿದಾಗ ಹನ್ನೊಂದೂವರೆ. ಅಷ್ಟರಲ್ಲಿ ನೋವು ಬಂದಿತ್ತು.

ಲ್ಯಾಬಿನ ಒಳಗೆ ಆರು ಜನ ಇದ್ದರು. ಬ್ರಾಹ್ಮಿ, ಅಮಿತ, ಕೋರ್ಟಿನ ಇಬ್ಬರು ಪಂಚರು, ಒಬ್ಬ ಪೊಲೀಸ್ ಜಮಾದಾರ. ಮತ್ತೆ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ರಾವಸಾಹೇಬ. ಬಿಳಿ ಅಂಗಿ, ಬಿಳಿ ಟೋಪಿ. ಕಬ್ಬಿನ ಸಾಲು ತಪ್ಪಿಸಿ ಒಳದಾರಿಯಿಂದ ಟಾಕಿಯ ಸುಳ್ಳು ಕ್ಯೂಬುಗಳನ್ನು ಆಗಲೇ ತಂದಿದ್ದರು. ಒಂದನ್ನು ಮಷಿನ್ನಿನಲ್ಲಿ ಇಟ್ಟು ಮುಗಿದಿತ್ತು. ಮೀಟರಿನ ಮುಳ್ಳು ನೂರ ಎಂಬತ್ತಕ್ಕೆ ನಿಂತಿತ್ತು. ಐನೂರ ಅರವತ್ತು ದಾಟಬೇಕಿತ್ತಂತೆ. ಕ್ಯೂಬು ಒಣಗಿದ ರೊಟ್ಟಿಯ ಹಾಗೆ ಉದುರಿ ಬಿದ್ದಿತ್ತು.

ಬ್ರಾಹ್ಮಿಯ ಮುಖದಲ್ಲಿ ರಕ್ತ ಇರಲಿಲ್ಲ.

"ನೋಡ್ರಿ" ಎನ್ನುತ್ತಿದ್ದ ರಾವಸಾಹೇಬ. "ಬಿದ್ದ ಮನಿ ಉಸುಕು. ಇದ ನನ್ನ ಸ್ಲ್ಯಾಬ್ ಕೆಡವಿದ್ದು. ಎರಡ ಹೆಣ್ಣಮಕ್ಕಳನ್ನ ತಿಂತು."

ಆಗ ನಾನು ಒಳಗೆ ಹೋದೆ. ಅವನ ಕಾಲು ಕಾಲಿನ ಮೇಲಿಂದ ಇಳಿಯಿತು.

"ಕಾಕಾ, ಕೈಗೆ ಏನಾತ್ರಿ?" ಎಂದಳು ಬ್ರಾಹ್ಮಿ.

"ಕಬ್ಬಿನ ಹಂಗಾಮ ಅಲ್ಲೇನ್ರಿ ಅಕ್ಕಾರ."

ಬೆಳಿಗ್ಗೆ ಆದದ್ದನ್ನು ನಾಲ್ಕು ಮಾತಿನಲ್ಲಿ ಹೇಳಿದೆ. ನಿಜವಾದ ಆರು ಹೊರಗೆ ಬೊಲೆರೊದಲ್ಲಿವೆ ಎಂದೆ. ರಾವಸಾಹೇಬ ನಕ್ಕ. ಮಗಳು ಸತ್ತ ಮೇಲೆ ಮುದುಕನ ತಲೆ ಕೆಟ್ಟಿದೆ, ಇವನು ತಂದದ್ದೇ ಸುಳ್ಳು ಕ್ಯೂಬು, ಇವರೆಲ್ಲ ಸೇರಿ ಮಾಡಿದ್ದಾರೆ ಎಂದ. ಪಂಚರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎರಡು ಗುಂಪು, ಅದೇ ನಂಬರು. ಯಾವುದು ನಿಜ?

ನಾನು ಮಷಿನ್ನಿನ ಕೆಳಗೆ ಬಿದ್ದ ಚೂರು ಎತ್ತಿಕೊಂಡೆ. ಹೆಬ್ಬೆರಳಿನಿಂದ ತಿಕ್ಕಿದೆ. ಜಾರಿತು. ದುಂಡನೆಯ ಕಾಳು.

ಮತ್ತೆ ನೋಡಿದೆ. ನಗು ಬಂತು.

ಚಿಪ್ಪು... ಒಂದಲ್ಲ, ಮೂರು.

ಸುಳ್ಳು ಕ್ಯೂಬು ಮಾಡುವಾಗಲೂ ಆ ಮಂದಿ ಬಿದ್ದ ಮನೆಯ ಉಸುಕು ಮುಟ್ಟಿರಲಿಲ್ಲ. ಅಪಶಕುನಕ್ಕೆ ಹೆದರಿ ತಮ್ಮ ದಂಡೆಯ ಉಸುಕನ್ನೇ ಹಾಕಿದ್ದರು. ಸಿಮೆಂಟು ಕಡಿಮೆ ಮಾಡಿದರೆ ಸಾಕು, ಒಡೆಯುತ್ತದೆ ಎಂದುಕೊಂಡಿದ್ದರು. ಒಡೆಯಿತು. ಒಳಗಿನದು ಹೊರಗೆ ಬಂತು.

ಆ ಚೂರನ್ನು ಅಮಿತನ ಅಂಗೈಯಲ್ಲಿ ಇಟ್ಟೆ.

"ಸಾಹೇಬ್ರ, ಇದು ಹೊಳಿ ಹುಳದ ಚಿಪ್ಪ್. ಮನಿ ಗ್ವಾಡ್ಯಾಗ ಇದು ಹುಟ್ಟತೈತೇನ್ರಿ? ಈಗ ನಾ ತಂದದ್ದು ಒಡೀರಿ."

ಅಮಿತ ನಂಬರ್ ನಾಲ್ಕನ್ನು ತಂದ. ಮೇಲಿನ ಕಲೆ ಏನು ಎಂದು ಕೇಳಿದ. ನೀರು ಹಾಕಿ ಒರೆಸಿಕೊಳ್ಳಿ ಎಂದೆ. ಕೊಯ್ತಾದ ಗೀರು ಕಂಡು ಪಕ್ಕಕ್ಕೆ ತಿರುಗಿಸಿ ಇಟ್ಟ. ಪ್ಲೇಟು ಇಳಿಯಿತು. ಮುಳ್ಳು ಎದ್ದಿತು. ನೂರ ಎಂಬತ್ತು ದಾಟಿತು. ನಾನೂರು... ಐನೂರ ಅರವತ್ತು... ಆರುನೂರ ತೊಂಬತ್ತಕ್ಕೆ ಒಂದು ಸಿಡಿತ. ಬಿರುಕು ಬಿಟ್ಟ ಮುಖದಲ್ಲಿ ಕೆಂಪು ಚೂರು, ಹಸಿರು ಚೂರು. ಅಮಿತ ಪ್ಲೇಟು ಎತ್ತಿ ಅದನ್ನು ಹೊರಗೆ ತೆಗೆದ.

ಬ್ರಾಹ್ಮಿ ಗೋಡೆಗೆ ಆತುಕೊಂಡಳು.

ರಾವಸಾಹೇಬ ಎದ್ದ. ವಯಸ್ಸಿಗೆ ಮೀರಿದ ಜೋರಿನಿಂದ ಅಮಿತನ ಕೈಯ ಚೂರು ಕಿತ್ತುಕೊಂಡ. ಸುಳ್ಳು ಕ್ಯೂಬಿನ ಉಳಿದ ಚೂರುಗಳನ್ನೂ ಬಾಚಲು ಮಷಿನ್ನಿನ ಒಳಗೆ ಕೈ ಹಾಕಿದ. ಅವನ ಜೀವನದಲ್ಲಿ ಕೈ ಹಾಕಿದಲ್ಲೆಲ್ಲ ಸಿಕ್ಕಿತ್ತು. ಅದೇ ಚಾಳಿ.

ಮಣಿಕಟ್ಟು ಹಿಡಿದೆ. ಕೆಳಗಿನ ಪ್ಲೇಟಿಗೆ ಒತ್ತಿದೆ. ಅಮಿತ ಒತ್ತಿದ್ದ ಗುಂಡಿ ಯಾವುದು ಎಂದು ನೋಡಿಟ್ಟುಕೊಂಡಿದ್ದೆ. ಮೊಣಕೈಯಿಂದ ಅದನ್ನೇ ಒತ್ತಿದೆ.

ಮಷಿನ್ನು ಗುಂಯ್ ಎಂದಿತು.

ಜಮಾದಾರ ಮುಂದೆ ಬಂದ. ಮುಟ್ಟಿದರೆ ಕೈ ಬಿಡುವುದಿಲ್ಲ ಎಂದೆ. ಅವನು ನಿಂತ. ಬಹಳ ನಿಧಾನದ ಮಷಿನ್ನು ಅದು. ನನಗೆ ಹಿಡಿಸಿತು.

"ಬಿಡೋ ಲಗಮಣ್ಣ. ನಿನ್ನ ಅನ್ನ ಹಾಕಿ ಸಾಕೇನಿ" ಎಂದ ರಾವಸಾಹೇಬ.

"ಸಾವ್ಕಾರ್ರ, ಹೊಳೆವ್ವನ ಮ್ಯಾಲ ಬಿದ್ದ ಸ್ಲ್ಯಾಬಿಗೆ ಯಾರ ಉಸುಕು?"

ಪ್ಲೇಟು ಬೆರಳಿಗೆ ತಾಗಿತು. ಅವನ ಬೆರಳಿನಲ್ಲಿ ನವರತ್ನದ ಉಂಗುರ ಇತ್ತು. ಮೊದಲು ಉಂಗುರ ಬಗ್ಗಿತು. ಒಂದು ಹರಳು ಸಿಡಿದು ಗೋಡೆಗೆ ಹೊಡೆಯಿತು. ಆಮೇಲೆ ಎಲುಬು.

ಕಿರಿಚಿದ. ಕಿರಿಚುತ್ತಲೇ ಹೇಳಿದ.

"ನಂದು... ನಂದ ಉಸುಕು. ತೊಳೀಲಿಲ್ಲ. ಸಿಮೆಂಟ್ ಅರ್ಧಾ ಹಾಕಸಿದೆ. ಚೀಟಿ ಖೊಟ್ಟಿ. ಬಿಡೋ ನಮ್ಮಪ್ಪ..."

ಅಮಿತ ಗುಂಡಿ ಆರಿಸಿದ. ಬೆರಳು ಚಪ್ಪಟೆಯಾಗಿತ್ತು. ಮೀಟರಿನ ಮುಳ್ಳು ಮಾತ್ರ ಕದಲಿರಲಿಲ್ಲ.

ಅಂಥ ಬಾಯಿಮಾತು ಕೋರ್ಟಿನಲ್ಲಿ ನಿಲ್ಲುವುದಿಲ್ಲ ಎಂದು ಆಮೇಲೆ ವಕೀಲರು ಹೇಳಿದರು. ನಿಲ್ಲಬೇಕಾಗಿಯೂ ಇರಲಿಲ್ಲ. ಪೊಲೀಸರು ಎತ್ತಿಟ್ಟಿದ್ದ ಸ್ಲ್ಯಾಬಿನ ತುಂಡನ್ನು ಅಮಿತ ಒಡೆದು ನೋಡಿದ. ಸುಳ್ಳು ಕ್ಯೂಬು, ಬಿದ್ದ ಸ್ಲ್ಯಾಬು, ಕುಡಚಿಯ ದಂಡೆ... ಮೂರರಲ್ಲೂ ಅದೇ ಚಿಪ್ಪು. ನನ್ನ ಎರಡನೆಯ ಇಯತ್ತೆಯನ್ನು ಈ ಸಲ ಯಾರೂ ಕೇಳಲಿಲ್ಲ. ರಾವಸಾಹೇಬನನ್ನು ಆಸ್ಪತ್ರೆಯ ಮಂಚಕ್ಕೆ ಬೇಡಿ ಹಾಕಿ ಹಿಡಿದರು.

ಆ ದಿನ ಲ್ಯಾಬಿನಲ್ಲೇ ನಾನು ಜಮಾದಾರನ ಕಡೆ ತಿರುಗಿದೆ. ಸದಲಗಾ ರಸ್ತೆಗೆ ಒಬ್ಬ ಸತ್ತು ಬಿದ್ದಿದ್ದಾನೆ, ನಾನೇ ಹೊಡೆದದ್ದು ಎಂದೆ. ಇನ್ನೊಬ್ಬ ಹಲ್ಲು ಹುಡುಕುತ್ತಿರಬೇಕು ಎಂದೆ.

"ಕಾಕಾ, ಸುಮ್ಮನಿರ್ರಿ" ಎಂದಳು ಬ್ರಾಹ್ಮಿ. ಕಣ್ಣಲ್ಲಿ ನೀರಿತ್ತು.

"ಇಲ್ಲ ಅಕ್ಕಾರ. ನಲವತ್ತು ಮಂದಿ ಟ್ರ್ಯಾಕ್ಟರಿನವ್ರು ನೋಡ್ಯಾರ. ಅವ್ರಿಗೆ ಯಾಕ ಸುಳ್ಳು ಹೇಳಸೂದು?"

ಕೈ ಮಾಯುವವರೆಗೆ ಆಸ್ಪತ್ರೆಯಲ್ಲಿ ಇಟ್ಟರು, ಬಾಗಿಲಿಗೆ ಪೊಲೀಸನನ್ನು ಕೂರಿಸಿ. ಬ್ರಾಹ್ಮಿ ದಿನಾ ಬರುತ್ತಿದ್ದಳು. ಕ್ರಷರ್ ಮತ್ತೆ ಶುರುವಾಗಿದೆ ಎಂದಳು. ಹೆದರಿ ದೂರ ಇದ್ದ ಮಂದಿ ಈಗ ತಾವೇ ಟ್ರ್ಯಾಕ್ಟರಿನಲ್ಲಿ ಬಿದ್ದ ಮನೆ ತುಂಬಿ ತಂದು ಸುರಿಯುತ್ತಿದ್ದಾರಂತೆ. ಮಲ್ಲೇಶನಿಗೆ ಹೆಂಡತಿ ಇದ್ದಳು ಎಂದು ನನಗೆ ಅಲ್ಲಿಯೇ ತಿಳಿಯಿತು. ಅದನ್ನು ಬ್ರಾಹ್ಮಿ ಹೇಳಲಿಲ್ಲ, ಪೊಲೀಸ ಹೇಳಿದ. ಆ ರಾತ್ರಿ ನಾನು ಊಟ ಮಾಡಲಿಲ್ಲ.

ಸನ್ಮತಿ ಜೈಲಿನಿಂದ ಹೊರಟದ್ದು ಸೋಮವಾರ.

ನನ್ನನ್ನು ತಂದದ್ದು ಮಂಗಳವಾರ. ಅವನಿದ್ದ ಖೋಲಿಯೇ. ಒಂದು ರಾತ್ರಿಯಷ್ಟೇ ಖಾಲಿ ಇತ್ತಂತೆ.